ವಾಲ್ವಿಕಾ ಬ್ರಾಸಿನಿ ಮಿನಿಮಾ

'ಗೊತ್ತಿಲ್ಲ' ಎಂಬ ಮಾತನ್ನು ಹೇಳಲು ನಾಲಿಗೆಗೆ ಆಗುವ ಶ್ರಮ ತೀರಾ ಕಡಿಮೆ. ಆದರೂ ಷಡ್ಡಕನ ಎದುರು ನಿಂತ ಗಂಡಸಿನ ಬಾಯಿಂದ ಆ ಮಾತು ಹೊರಟ ದಾಖಲೆ ಯಾವ ಊರಿನಲ್ಲೂ ಇದ್ದಂತಿಲ್ಲ. ಮೀಟರಯ್ಯನೇನೂ ಹೊಸ ದಾಖಲೆ ಸ್ಥಾಪಿಸಲು ಹುಟ್ಟಿದವನಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ನೀರು ಸರಬರಾಜು ಇಲಾಖೆಯಲ್ಲಿದ್ದು, ಮನೆಮನೆಯ ಗೇಟಿನ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಒಳಗಿನ ಮೀಟರಿನ ಅಂಕಿ ಓದಿ ರಿಜಿಸ್ಟರಿನಲ್ಲಿ ಬರೆದು ಬರೆದು ಆ ಹೆಸರು ಸವೆದುಹೋಗಿತ್ತು. ಯಾವುದಾದರೂ ಅರ್ಜಿ ತುಂಬುವಾಗ ಅವನ ಹೆಂಡತಿಯೇ ಪೆನ್ನು ಹಿಡಿದು ಒಂದು ಗಳಿಗೆ ಯೋಚಿಸುತ್ತಿದ್ದಳು.

ಅವನ ಮನೆಯಿದ್ದದ್ದು ಊರಿನ ಕಟ್ಟಕಡೆಯ ಬೀದಿಯಲ್ಲಿ. ಇಪ್ಪತ್ತೆರಡು ಮನೆ, ತುದಿಗೊಂದು ಲಾಂಡ್ರಿ, ಲಾಂಡ್ರಿಯ ಹಿಂಗೋಡೆ ಮುಗಿದಲ್ಲಿಂದ ಮರಳುಗಾಡು. ಆ ಮರಳುಗಾಡು ಎಲ್ಲಿ ಮುಗಿಯುತ್ತದೆ ಎಂದು ನೋಡಲು ಬೀದಿಯವರು ಯಾರೂ ಹೋದವರಲ್ಲ. ಎಲ್ಲಿ ಶುರುವಾಗುತ್ತದೆ ಎಂದು ನೋಡಲೂ ಹೋದವರಲ್ಲ. ಬೀದಿಯ ನೀರಿನ ಪೈಪು ಮುತ್ತಾತನ ಕಾಲದ್ದು. ದಿನ ಬಿಟ್ಟು ದಿನ ಒಂದು ಗಂಟೆ ನೀರು. ಅದರಲ್ಲಿ ಮೊದಲ ಕಾಲು ಗಂಟೆ ತುಕ್ಕು. ಹೊಸ ಪೈಪಿನ ಫೈಲನ್ನು ಹನ್ನೊಂದು ವರ್ಷ ಮೇಜಿನಿಂದ ಮೇಜಿಗೆ ಹೊತ್ತು, ಕೈಕಾಲು ಹಿಡಿದು, ಕೊನೆಗೂ ಮಂಜೂರು ಮಾಡಿಸಿದವನು ಮೀಟರಯ್ಯ. ಸೋಮವಾರ ಬೆಳಿಗ್ಗೆ ಅಗೆತ ಶುರುವಾಗುವುದಿತ್ತು. ಅದು ಗೊತ್ತಾದಾಗಿನಿಂದ ಜನ ಅವನನ್ನು ಕಂಡರೆ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಲಾಂಡ್ರಿಯಣ್ಣನಂತೂ ಅವನ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿ ಕೊಟ್ಟಿದ್ದ. ಒಬ್ಬ ಮನುಷ್ಯನಿಗೆ ಒಂದು ಜನ್ಮಕ್ಕೆ ಅಷ್ಟು ಮರ್ಯಾದೆ ಸಾಕು. ಭಾನುವಾರ ಷಡ್ಡಕ ಬಾರದೇ ಇದ್ದಿದ್ದರೆ ಅದು ಉಳಿಯುತ್ತಲೂ ಇತ್ತು.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ವಿಮೆ ಕಚೇರಿಯಿಂದ ನಿವೃತ್ತನಾದ ಮೇಲೆ ಒಂದು ದುರ್ಬೀನು ಕೊಂಡು ಕೊರಳಿಗೆ ನೇತುಹಾಕಿಕೊಂಡು ಹಕ್ಕಿಗಳ ಹಿಂದೆ ಬಿದ್ದಿದ್ದ. ಊಟ ಮುಗಿಸಿ ಗೇಟಿನವರೆಗೆ ನಡೆಯುವಷ್ಟರಲ್ಲಿ ಐದು ಹಕ್ಕಿಗಳ ಹೆಸರು ಹೇಳಿದ.

"ಕೇಳಿಸ್ತಾ ಮೀಟರಯ್ಯ? ಕರೆಂಟು ಕಂಬದ ಮೇಲೆ. ಟಿಕ್ ಟಿಕ್ ಟಿಕ್. ಅದೇನು ಹೇಳು ನೋಡೋಣ?"

"ಹಕ್ಕಿ, ಭಾವ."

"ಹಕ್ಕಿಯಂತೆ! ಹೆಸರು ಹೇಳಯ್ಯ ಅಂದ್ರೆ ಹಕ್ಕಿಯಂತೆ!"

"ಭಾವನಿಗೆ ಎಷ್ಟೊಂದು ಗೊತ್ತು ನೋಡಿ," ಎಂದಳು ಮೀಟರಯ್ಯನ ಹೆಂಡತಿ. ಮಾತು ಭಾವನ ಬಗ್ಗೆ. 'ನೋಡಿ' ಎಂಬುದು ಮಾತ್ರ ಗಂಡನಿಗೆ.

ಎರಡು ವಾರದ ಹಿಂದೆ ಅಪರೂಪಕ್ಕೆ ಒಂದು ಒಳ್ಳೆಯ ಮಳೆಯಾಗಿತ್ತು. ಗೇಟಿನ ಎಡಗಡೆ, ಮೀಟರ್ ಗುಂಡಿಯ ಪಕ್ಕದ ಮರಳಿನಲ್ಲಿ ಅಂಗಿಯ ಗುಂಡಿಯಷ್ಟಗಲದ ಹಳದಿ ಹೂಗಳು ನೆಲಕ್ಕಂಟಿಕೊಂಡು ಬಿಟ್ಟಿದ್ದವು. ಷಡ್ಡಕ ಬಗ್ಗಿ ಫೋನು ಹಿಡಿದು ಫೋಟೋ ತೆಗೆದ. ಗಿಡದ ಫೋಟೋ ಕೊಟ್ಟರೆ ಹೆಸರು ಹೇಳುವ ಏರ್ಪಾಟು ಅವನ ಫೋನಿನಲ್ಲಿತ್ತು. ಆದರೆ ಆ ಬೀದಿಯಲ್ಲಿ ನೀರು ಹೇಗೋ ನೆಟ್‌ವರ್ಕೂ ಹಾಗೇ. ಪರದೆಯ ಮೇಲೆ ಚಕ್ರವೊಂದು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ತನ್ನ ಅಜ್ಞಾನವನ್ನು ಬೇರೆಯವರ ತಲೆಗೆ ಕಟ್ಟುವುದರಲ್ಲಿ ವಿಮೆ ಕಚೇರಿಯವರು ಪಳಗಿದವರು.

"ಅಲ್ಲಯ್ಯ, ನಿನ್ನ ಗೇಟಿನ ಬುಡದಲ್ಲೇ ಇದೆ. ದಿನಾ ನೋಡ್ತೀಯ. ಇದರ ಹೆಸರೂ 'ಹೂ' ಅಂತಾನೇನೋ?"

ನಾದಿನಿ ನಕ್ಕಳು ಎಂದು ಹೇಳೋಣವೆಂದರೆ ಅಲ್ಲಿದ್ದದ್ದು ನಾದಿನಿಯಲ್ಲ, ಹೆಂಡತಿಯ ಅಕ್ಕ. ಅವಳು ನಗಲಿಲ್ಲ. ನಕ್ಕದ್ದು ಸ್ವಂತ ಹೆಂಡತಿ.

ಮೀಟರಯ್ಯ ನೆಲ ನೋಡಿದ. ಹೂವಿನ ಪಕ್ಕದಲ್ಲೇ ಮೀಟರ್ ಗುಂಡಿಯ ಮುಚ್ಚಳವಿತ್ತು. ಅದರ ಮೇಲೆ ಎರಕ ಹೊಯ್ದ ಅಕ್ಷರಗಳು ಅರ್ಧಂಬರ್ಧ ಅಳಿಸಿಹೋಗಿದ್ದವು: ವಾಲ್ವ್. ಬ್ರಾಸ್. ಮಿನಿಮಮ್.

"ಇದಾ?" ಎಂದ ಮೀಟರಯ್ಯ. "ಇದು ವಾಲ್ವಿಕಾ ಬ್ರಾಸಿನಿ." ಒಂದು ಕ್ಷಣ ತಡೆದು, ದೊಡ್ಡವರು ನೆನಪು ಮಾಡಿಕೊಳ್ಳುವ ಹಾಗೆ ಹಣೆ ತಿಕ್ಕಿಕೊಂಡ. "ಮಿನಿಮಾ."

ಷಡ್ಡಕನ ದುರ್ಬೀನು ಕೊರಳಲ್ಲಿ ಒಮ್ಮೆ ಓಲಾಡಿ ನಿಂತಿತು. "ಅಪರೂಪದ್ದೇನಯ್ಯ?"

"ಅಪರೂಪ ಅಂದ್ರೆ? ಈ ಹೆಸರಿನ ಹೂ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ ಭಾವ."

ಇದು ಅಕ್ಷರಶಃ ಸತ್ಯವೇ ಆಗಿತ್ತೆಂಬುದನ್ನು ಅವನ ಪರವಾಗಿ ಹೇಳಬೇಕು.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪಕ್ಕದ ಕಾಂಪೌಂಡಿನ ಮೇಲೆ ಒಂದು ಕನ್ನಡಕ ಮೂಡಿತು. ಅದು ಟೀಚರಮ್ಮನದು. ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಬೇರೆಯವರ ನದಿ, ಬೇರೆಯವರ ಪರ್ವತ, ಬೇರೆಯವರ ಗಣಿಗಳನ್ನೆಲ್ಲ ಕೋಲು ಹಿಡಿದು ತೋರಿಸಿದ್ದರು. ತಮ್ಮ ಊರಿದ್ದ ಕಡೆ ಮಾತ್ರ ಭೂಪಟದಲ್ಲಿ ಬರೀ ಚುಕ್ಕಿ. ಚುಕ್ಕಿಯೆಂದರೆ ಮರಳು. 'ಇಲ್ಲೇನಿದೆ ಟೀಚರ್?' ಎಂದು ಮಕ್ಕಳು ಕೇಳಿದಾಗಲೆಲ್ಲ 'ಏನೂ ಇಲ್ಲ, ಮುಂದೆ ಹೋಗೋಣ' ಎಂದೇ ಹೇಳಿದ್ದರು.

"ಇನ್ನೊಂದು ಸಲ ಹೇಳಿ," ಎಂದರು ಟೀಚರಮ್ಮ. ಕೈಯಲ್ಲಿ ಆಗಲೇ ಪೆನ್ನಿತ್ತು.

*

ಸೋಮವಾರ ಬೆಳಿಗ್ಗೆ ಮೇಸ್ತ್ರಿ ತನ್ನ ಆಳುಗಳೊಂದಿಗೆ ಬಂದ. ಕಸುಬಿನಲ್ಲಿ ಚುರುಕಾದ ಮನುಷ್ಯ. ಮೊದಲ ಗಂಟೆಯಲ್ಲೇ ಬೀದಿಯ ಆ ತುದಿಯಲ್ಲಿ ಹಳೆಯ ಪೈಪನ್ನು ಕತ್ತರಿಸಿ ಪಕ್ಕಕ್ಕೆ ಎಸೆದ. ಹೊಸದನ್ನು ಅಲ್ಲಿಗೇ ಜೋಡಿಸಬೇಕಲ್ಲ. ಆಮೇಲೆ ಗೆರೆ ಎಳೆದುಕೊಂಡು ಅಗೆಯುತ್ತ ಬಂದವನು ಮೀಟರಯ್ಯನ ಗೇಟಿನ ಹತ್ತಿರ ನಿಂತುಬಿಟ್ಟ. ಗೆರೆಯ ಮೇಲೆ ಸುತ್ತಲೂ ಕಲ್ಲು ಜೋಡಿಸಿದ ಒಂದು ವೃತ್ತ, ವೃತ್ತದ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ಕೊಡೆ ಬಿಚ್ಚಿ ಹಿಡಿದ ಟೀಚರಮ್ಮ.

"ಅಮ್ಮಾ, ಸ್ವಲ್ಪ ಏಳ್ತೀರಾ?"

"ಏಳಲ್ಲ. ಇಲ್ಲಿ ವಾಲ್ವಿಕಾ ಬ್ರಾಸಿನಿ ಮಿನಿಮಾ ಇದೆ."

ಮೇಸ್ತ್ರಿಗೆ ಭಯವಾಯಿತು. ನೆಲದಡಿ ಕರೆಂಟಿನ ಕೇಬಲ್ಲು, ಗ್ಯಾಸಿನ ಕೊಳವೆ ಎಲ್ಲವನ್ನೂ ಅವನು ಕಂಡವನು. ಇದನ್ನು ಕಂಡಿರಲಿಲ್ಲ. "ಮುಟ್ಟಿದರೆ ಹೊಡೆಯುತ್ತಾ?" ಎಂದು ಕೇಳಿದ.

"ಮುಟ್ಟಿದರೆ ಜೈಲು," ಎಂದರು ಟೀಚರಮ್ಮ. ಪ್ರಕೃತಿ ಸಂರಕ್ಷಣಾ ಕಚೇರಿಗೆ ಅವರು ಆಗಲೇ ಪತ್ರ ಬರೆದಾಗಿತ್ತು. ಅತ್ತ ಷಡ್ಡಕ ಮನೆಗೆ ಹೋಗಿ, ನೆಟ್‌ವರ್ಕು ಸಿಕ್ಕಿದ ಕೂಡಲೇ ತನ್ನ ಪಕ್ಷಿವೀಕ್ಷಕರ ಬಳಗಕ್ಕೆಲ್ಲ ಹೂವಿನ ಫೋಟೋವನ್ನೂ ಹೆಸರನ್ನೂ ಕಳಿಸಿದ್ದ. 'ನಾನು ಪತ್ತೆಹಚ್ಚಿದ್ದು' ಎಂಬ ಒಕ್ಕಣೆಯೊಂದಿಗೆ.

ಮಧ್ಯಾಹ್ನಕ್ಕೆ ಮೀಟರಯ್ಯನಿಗೆ ಕಚೇರಿಗೆ ಬರುವಂತೆ ಎಂಜಿನಿಯರ್ ಸಾಹೇಬರಿಂದ ಕರೆ ಬಂತು. ಈ ಸಾಹೇಬರು ಇಡೀ ಸೇವಾವಧಿಯಲ್ಲಿ ಒಂದೂ ತಪ್ಪು ನಿರ್ಧಾರ ತೆಗೆದುಕೊಂಡವರಲ್ಲ, ಏಕೆಂದರೆ ನಿರ್ಧಾರವನ್ನೇ ತೆಗೆದುಕೊಂಡವರಲ್ಲ. ಯಾವ ಫೈಲು ಬಂದರೂ ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು ಸಹಿ ಹಾಕುತ್ತಿದ್ದರು. ಯಾರ ಜೊತೆ ಚರ್ಚಿಸಬೇಕೆಂದು ಬರೆಯುತ್ತಿರಲಿಲ್ಲ.

"ರೀ, ಆ ಗಿಡ ಗುರುತಿಸಿದ್ದು ನೀವಂತೆ. ನಿಜವಾಗ್ಲೂ ಅಪರೂಪದ್ದೇನ್ರೀ?"

ಮೀಟರಯ್ಯ ಸತ್ಯ ಹೇಳಲೆಂದೇ ಬಾಯಿ ತೆರೆದ. ಅದೇ ಹೊತ್ತಿಗೆ ಮೇಜಿನ ಫೋನು ಹೊಡೆದುಕೊಂಡಿತು. ಸಾಹೇಬರು ಎದ್ದು ನಿಂತು ಮಾತಾಡಿದರು. "ಹೌದು ಸಾರ್. ಕೆಲಸ ನಿಲ್ಲಿಸಿದೀವಿ ಸಾರ್. ನಮ್ಮಲ್ಲೇ ತಜ್ಞರಿದಾರೆ ಸಾರ್. ಇಪ್ಪತ್ತೊಂಬತ್ತು ವರ್ಷದ ಅನುಭವ. ಇಲ್ಲೇ ಬಾಯಿ ತೆರ್ಕೊಂಡು ನಿಂತಿದಾರೆ ಸಾರ್." ಫೋನು ಇಟ್ಟು, ಬೆವರು ಒರೆಸಿಕೊಂಡು ಕೇಳಿದರು: "ಏನೋ ಹೇಳೋಕೆ ಬಂದ್ರಲ್ಲ?"

"ಏನಿಲ್ಲ ಸಾರ್."

ಸಂಜೆಗೆ ಆದೇಶ ಹೊರಬಿತ್ತು. ರಾಜಧಾನಿಯಿಂದ ಸಸ್ಯಶಾಸ್ತ್ರದ ಮೇಡಂ ಒಬ್ಬರು ಬಂದು ನೋಡುವವರೆಗೆ ಕಾಮಗಾರಿ ನಿಲ್ಲಿಸತಕ್ಕದ್ದು. ಅವರು ಬರಲು ಮೂರು ವಾರ ಹಿಡಿಯಬಹುದು. ಅಲ್ಲಿಯವರೆಗೆ ಮೀಟರಯ್ಯನು ತನ್ನ ಮಾಮೂಲು ಕೆಲಸದ ಜೊತೆಗೆ 'ಇಲಾಖಾ ಸಸ್ಯತಜ್ಞ'ನಾಗಿ ಕಾರ್ಯನಿರ್ವಹಿಸತಕ್ಕದ್ದು. ಜೊತೆಗೊಂದು ನಮೂನೆ. ಅವನು ಆ ರಾತ್ರಿಯೇ ಕೂತು ಮುತ್ತಿನಂಥ ಅಕ್ಷರದಲ್ಲಿ ತುಂಬಿದ.

ಸಸ್ಯದ ಕುಟುಂಬ: ಹನ್ನೊಂದು ಹೂ, ನಾಲ್ಕು ಮೊಗ್ಗು.

ಸ್ವಭಾವ: ಸಾಧು.

ವಾಸಸ್ಥಾನ: ನಮ್ಮ ಗೇಟಿನ ಎಡಕ್ಕೆ.

ಸಸ್ಯದಿಂದ ಜನರಿಗೆ ಆಗುವ ಉಪಯೋಗ: ಈ ಒಂದು ಕಲಮು ಖಾಲಿ ಉಳಿಯಿತು.

*

ಹಳೆ ಪೈಪು ಹೋಗಿತ್ತು, ಹೊಸ ಪೈಪು ಬಂದಿರಲಿಲ್ಲ. ತುಕ್ಕಾದರೂ ಬರುತ್ತಿದ್ದ ನಲ್ಲಿಯಲ್ಲಿ ಈಗ ಬರೀ ಗಾಳಿ. ದಿನ ಬಿಟ್ಟು ದಿನ ಟ್ಯಾಂಕರು ಬಂದು ಮೀಟರಯ್ಯನ ಗೇಟಿನ ಎದುರಿಗೇ ನಿಲ್ಲುತ್ತಿತ್ತು. ತಿರುಗಿಸಿಕೊಳ್ಳಲು ಜಾಗವಿದ್ದದ್ದು ಅಲ್ಲಿ ಮಾತ್ರ. ಇಡೀ ಬೀದಿ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಅವನ ಮನೆಯ ಮುಂದೆ ಸಾಲುಗಟ್ಟುತ್ತಿತ್ತು. ಸಾಲಿನಲ್ಲಿ ನಿಂತವರಿಗೆ ಬೇರೇನು ಕೆಲಸ?

"ಹನ್ನೊಂದು ವರ್ಷ ಫೈಲು ಹೊತ್ತು ಗೋಡೆ ಕಟ್ಟಿದ, ಹನ್ನೆರಡನೇ ವರ್ಷ ಒದ್ದು ಬೀಳಿಸಿದ."

"ಹೂವಿನ ಹೆಸರು ಹೇಳು ಅಂದ್ರೆ ಗಟಗಟ ಹೇಳ್ತಾನೆ. ನೀರು ಯಾವಾಗ ಬರುತ್ತೆ ಅಂದ್ರೆ ಆಕಾಶ ನೋಡ್ತಾನೆ."

"ಪಾಪ, ಬಿಡಿ. ಸ್ನಾನಕ್ಕೆ ನೀರಿಲ್ಲದಿದ್ರೆ ಏನಂತೆ, ಮುಡ್ಕೊಳ್ಳೋಕೆ ಹೂವಿದೆಯಲ್ಲ."

ಹೆಂಡತಿಯೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದಳು. ಗಂಡನ ಪರವಾಗಿ ಮಾತಾಡುವುದು ಹೋಗಲಿ, ಒಂದೆರಡು ಮಾತು ತಾನೂ ಸೇರಿಸುತ್ತಿದ್ದಳು. ಅದರಿಂದ ಸಾಲಿನಲ್ಲಿ ಮುಂದೆ ಹೋಗಲು ಜಾಗ ಸಿಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕೆರಳಿದ್ದು ಲಾಂಡ್ರಿಯಣ್ಣ. ನೀರಿಲ್ಲದ ಲಾಂಡ್ರಿಯೆಂದರೆ ಬೆಂಕಿಯಿಲ್ಲದ ಒಲೆ. ಒಗೆಯದ ಬಟ್ಟೆಯ ಗಂಟುಗಳು ಸೂರಿನವರೆಗೆ ಏರಿದ್ದವು. ಬೀದಿಯ ನಡುವೆ ನಿಂತು ಕೂಗಿ ಹೇಳಿದ: "ಇಡೀ ಊರು ಬಂದು ಆ ಹೂ ನೋಡ್ಲಿ, ನಾನು ಮಾತ್ರ ನೋಡಲ್ಲ. ಅದರ ಕಡೆ ಒಂದು ಸಲ ತಿರುಗಿ ನೋಡಿದ್ರೂ ನನ್ನ ಅಂಗಡಿ ಬೋರ್ಡು ಕಿತ್ತುಹಾಕಿ!" ನುಡಿದಂತೆ ನಡೆದ. ಮೀಟರಯ್ಯನ ಮನೆ ದಾಟುವಾಗಲೆಲ್ಲ ಕತ್ತು ಬಲಕ್ಕೆ ತಿರುಗಿಸಿಕೊಂಡು ನಡೆಯುತ್ತಿದ್ದ. ಎರಡು ಸಲ ಟ್ಯಾಂಕರಿಗೆ ಡಿಕ್ಕಿ ಹೊಡೆದ.

ಸಸ್ಯತಜ್ಞನಾದ ಮೇಲೆ ಏನಾದರೂ ಮಾಡಬೇಕಲ್ಲ. ಮೀಟರಯ್ಯನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ: ಬಗ್ಗುವುದು, ನೋಡುವುದು, ಬರೆಯುವುದು. ಮನೆಮನೆ ಸುತ್ತುವ ನಡುವೆ ಬಿಡುವು ಮಾಡಿಕೊಂಡು ಗೇಟಿನ ಹತ್ತಿರ ಕೂತು, ಮೀಟರ್ ರಿಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಹೂವಿನ ರೀಡಿಂಗ್ ಬರೆದುಕೊಳ್ಳತೊಡಗಿದ. 'ಬೆಳಿಗ್ಗೆ ೧೦.೦೫: ತೆರೆದಿದೆ. ೧.೪೦: ಮುಚ್ಚಿದೆ. ದಳ ಐದು. ಒಂದರಲ್ಲಿ ಆರು, ಎರಡು ಸಲ ಎಣಿಸಿದೆ. ಮೋಡವಿದ್ದ ದಿನ ತೆರೆದಿಲ್ಲ. ಇರುವೆ: ಮೂರು.'

ಟೀಚರಮ್ಮನೂ ಸುಮ್ಮನಿರಲಿಲ್ಲ. ತಮ್ಮ ಪಾಲಿಗೆ ಬಂದ ನಾಲ್ಕು ಕೊಡ ನೀರಿನಲ್ಲೇ ಉಳಿಸಿ, ತರಕಾರಿ ತೊಳೆದ ನೀರನ್ನು ಒಂದು ಹನಿಯೂ ಚೆಲ್ಲದೆ ತಂದು ಬೆಳಿಗ್ಗೆ ಸಂಜೆ ಹೂವಿಗೆ ಎರೆದರು. ತಾಯಿ ಕೂಡ ಮಗುವಿಗೆ ಅಷ್ಟು ಕುಡಿಸಲಾರಳು. ಪರಿಣಾಮ ಏನಾಗಬೇಕೋ ಅದೇ ಆಯಿತು. ಒಂಬತ್ತನೆಯ ದಿನ ಹೂಗಳು ತಲೆ ಬಾಗಿಸಿದವು. ಹನ್ನೊಂದನೆಯ ದಿನ ಕಾಂಡ ಕೊಳೆಯಿತು. ಹದಿಮೂರನೆಯ ದಿನ ಅಪರೂಪದ ಸಸ್ಯವಿದ್ದಲ್ಲಿ ಬರೀ ತೇವದ ಮಣ್ಣಿತ್ತು, ಮಣ್ಣಿನ ನಡುವೆ ಯಾವುದೋ ಒಂದು ಮೊಳಕೆ ತಲೆಯೆತ್ತಿತ್ತು. ಟೀಚರಮ್ಮನ ಕನ್ನಡಕಕ್ಕೆ ಹಸಿರು ಕಂಡರೆ ಸಾಕು. "ಹೂ ಉದುರಿ ಎಲೆ ದೊಡ್ಡದಾಗ್ತಿದೆ," ಎಂದು ಸಂತೋಷಪಟ್ಟರು.

ಮೊಳಕೆ ಬೇರೆಯದೆಂದು ಮೀಟರಯ್ಯನಿಗೆ ಗೊತ್ತಾಯಿತು. ಮೇಡಂ ಬಂದರೆ ತೋರಿಸುವುದೇನನ್ನು? ಅಂಥದೇ ಇನ್ನೊಂದು ಗಿಡ ಎಲ್ಲಾದರೂ ಸಿಕ್ಕರೆ ತಂದು ನೆಟ್ಟುಬಿಡೋಣವೆಂದು ಹುಡುಕಲು ಹೊರಟ. ಬೀದಿ ಪೂರ್ತಿ ನೆಲ ನೋಡುತ್ತ ನಡೆದ. ಇಪ್ಪತ್ತೆರಡು ಗೇಟುಗಳ ಬುಡದಲ್ಲೂ ಇಲ್ಲ. ಕೊನೆಗೆ ಲಾಂಡ್ರಿಯ ಹಿಂಗೋಡೆ ಬಳಸಿ ಆ ಕಡೆಗೆ ಕಾಲಿಟ್ಟವನು ಅಲ್ಲೇ ಗೋಡೆ ಹಿಡಿದುಕೊಂಡ.

ಕಣ್ಣು ಹಾಯುವಷ್ಟು ದೂರ ಹಳದಿ. ಹನ್ನೊಂದಲ್ಲ, ಹನ್ನೊಂದು ಸಾವಿರವಲ್ಲ. ಮರಳಿನ ಏರಿ ಇಳಿದು ಇನ್ನೊಂದು ಏರಿ ಹತ್ತಿ ಹೋಗಿತ್ತು. ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲದ ಹೂ, ಬೇರೆಲ್ಲ ಕಡೆಯೂ ಇತ್ತು.

ಒಂದು ಗಿಡ ಹುಡುಕಿಕೊಂಡು ಬಂದವನಿಗೆ ಇಷ್ಟು ಸಿಕ್ಕರೆ ಬೇರೆ ಯಾರಾದರೂ ಕುಣಿದಾಡುತ್ತಿದ್ದರು. ಮೀಟರಯ್ಯನಿಗೆ ಗಿಡ ಕಿತ್ತು ತಂದು ನೆಡುವ ಮಾತೇ ಮರೆತುಹೋಗಿ ಹೊಳೆದದ್ದು ಒಂದೇ: ಮೇಡಂ ಲಾಂಡ್ರಿಯ ಹಿಂದೆ ಬಂದರೆ ತಾನು ಕೆಟ್ಟೆ. ಮುಂಬಾಗಿಲಿನಿಂದ ಲಾಂಡ್ರಿಗೆ ಹೋದ.

"ಲಾಂಡ್ರಿಯಣ್ಣ, ಬಟ್ಟೆ ಹಿಂದುಗಡೆ ಯಾಕೆ ಒಣಹಾಕಲ್ಲ? ಆ ಕಡೆ ಬಿಸಿಲು ಎಷ್ಟು ಚೆನ್ನಾಗಿದೆ."

ಲಾಂಡ್ರಿಯಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಒಣಹಾಕೋಕೆ ಒಗೀಬೇಕು. ಒಗೆಯೋಕೆ ನೀರು ಬೇಕು."

"ನಮ್ಮ ಮನೆ ಪಾಲಿನ ನೀರು ನಾನು ತಂದ್ಕೊಡ್ತೀನಿ. ದಿನಾ. ನೀವು ಶೀಟುಗಳನ್ನ ಹಿಂದೆ ಕಟ್ಟಿ. ಉದ್ದಕ್ಕೂ ಕಟ್ಟಿ. ಎತ್ತರಕ್ಕೆ ಕಟ್ಟಿ."

ಲಾಂಡ್ರಿಯಣ್ಣನ ಕಣ್ಣು ತೇವವಾಯಿತು. ಈ ಮನುಷ್ಯ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡ. "ಹಿಂದುಗಡೆ ಕಟ್ಟಿದ್ರೆ ಒಂದು ತೊಂದರೆ ಇದೆ," ಎಂದು ಶುರುಮಾಡಿದ.

"ಏನೇ ತೊಂದರೆ ಆದ್ರೂ ನಂದು!" ಎಂದು ಮೀಟರಯ್ಯ ಅವನ ಎರಡೂ ಕೈ ಹಿಡಿದುಕೊಂಡ. ಮಾತು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಮೊದಲಿಂದಲೂ ಇರಲಿಲ್ಲ.

ಆವತ್ತಿನಿಂದ ಮನೆಯ ಎರಡು ಡ್ರಮ್ಮುಗಳಲ್ಲಿ ಒಂದು ಸೈಕಲ್ ಏರಿ ಲಾಂಡ್ರಿಗೆ ಹೋಗತೊಡಗಿತು. ಮನೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಕಷ್ಟವಾಯಿತು. "ಇವರಿಗೆ ಮೊದಲು ಹೂವಿನ ಹುಚ್ಚು, ಈಗ ಒಗೆಯೋ ಹುಚ್ಚು," ಎಂದು ಹೆಂಡತಿ ಅಕ್ಕನಿಗೆ ಫೋನು ಮಾಡಿದಳು. ಲಾಂಡ್ರಿಯ ಹಿಂದೆ ಬಿಳಿ ಶೀಟುಗಳ ಗೋಡೆ ಎದ್ದಿತು.

*

ಇಪ್ಪತ್ತೆರಡನೆಯ ದಿನ ವ್ಯಾನು ಬಂತು. ಮೇಡಂ ಸಣ್ಣಗೆ ಎತ್ತರಕ್ಕಿದ್ದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಮಸೂರ, ಕಂಕುಳಲ್ಲಿ ಗಿಡ ಒತ್ತಿಡಲು ಹಳೆಯ ಪತ್ರಿಕೆಗಳ ಕಟ್ಟು. ಹಿಂದೆಯೇ ಎಂಜಿನಿಯರ್ ಸಾಹೇಬರ ಜೀಪು. ಅದರ ಹಿಂದೆ, ಪತ್ತೆಹಚ್ಚಿದವನು ತಾನೆಂದು, ಹೊಸ ಟೋಪಿ ಹಾಕಿಕೊಂಡ ಷಡ್ಡಕ. ಬೀದಿಗೆ ಬೀದಿಯೇ ಕೊಡ ಕೆಳಗಿಟ್ಟು ನೆರೆಯಿತು.

ಮೇಡಂ ಕಲ್ಲಿನ ವೃತ್ತದ ಪಕ್ಕ ಮೊಣಕಾಲೂರಿದರು. ಮಸೂರವನ್ನು ಕಣ್ಣಿಗೆ ಹಿಡಿದರು. ತೆಗೆದರು. ಎಲೆಯೊಂದನ್ನು ತಿಕ್ಕಿ ಬೆರಳು ಮೂಸಿದರು.

"ಇದು ಟೊಮೆಟೊ," ಎಂದರು.



"ಟೊಮೆಟೊ ಅಂದ್ರೆ?" ಎಂದರು ಟೀಚರಮ್ಮ ಸಣ್ಣ ದನಿಯಲ್ಲಿ.

"ಟೊಮೆಟೊ ಅಂದ್ರೆ ಟೊಮೆಟೊ. ತರಕಾರಿ ತೊಳೆದ ನೀರು ಹಾಕಿದೀರಾ?"

ಷಡ್ಡಕ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. "ಇವರೆಲ್ಲ ಸೇರಿ ಹಾಳುಮಾಡಿದಾರೆ ಮೇಡಂ. ಅಸಲಿ ಗಿಡದ ಫೋಟೋ ನನ್ನ ಹತ್ರ ಇದೆ." ಮೇಡಂ ಫೋನನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದು ಹೆಬ್ಬೆರಳು," ಎಂದರು. "ಹಿಂದೆ ಏನೋ ಹಳದಿ ಕಾಣ್ತಿದೆ. ಆದ್ರೆ ಮುಖ್ಯವಾಗಿ ಹೆಬ್ಬೆರಳು."

ಅಷ್ಟರಲ್ಲಿ ಬೀದಿಯ ತುದಿಯಿಂದ ಒಂದು ಆರ್ಭಟ ಕೇಳಿಸಿತು. ಲಾಂಡ್ರಿಯಣ್ಣ ಒಂದು ಡಬಲ್ ಶೀಟನ್ನು ಬಾವುಟದಂತೆ ಹಿಡಿದು ಓಡಿಬರುತ್ತಿದ್ದ. "ಎಲ್ಲಿ ಆ ಮೀಟರಯ್ಯ? ಹಿಂದೆ ಕಟ್ಟು ಹಿಂದೆ ಕಟ್ಟು ಅಂತ ಪ್ರಾಣ ತಿಂದು ಕಟ್ಟಿಸಿದೆಯಲ್ಲ, ನೋಡು! ಗಾಳಿ ಬೀಸಿ ಶೀಟೆಲ್ಲ ಹೂವಿನ ಮೇಲೆ ಬಿತ್ತು. ಈ ಕಲೆ ನಿಮ್ಮಪ್ಪ ಬಂದ್ರೂ ಹೋಗಲ್ಲ!"

ಬಿಳಿ ಶೀಟಿನ ತುಂಬ ಅಂಗಿ ಗುಂಡಿಯಷ್ಟಗಲದ ಹಳದಿ ಚುಕ್ಕಿಗಳು.

"ಈ ಅಂಚಿನ ಗಿಳಿ ಕಸೂತಿ…" ಎಂದರು ಎಂಜಿನಿಯರ್ ಸಾಹೇಬರು ಕಣ್ಣು ಕಿರಿದು ಮಾಡಿ. "ರೀ, ಇದು ನಮ್ಮನೆ ಶೀಟು!"

ಮೇಡಂ ಮಾತ್ರ ಶೀಟಿನ ಒಡೆಯರ ಕಡೆ ನೋಡಲಿಲ್ಲ. ಒಂದು ಕಲೆಗೆ ಮಸೂರ ಹಿಡಿದು, ಅಲ್ಲಿ ಅಂಟಿಕೊಂಡಿದ್ದ ದಳವೊಂದನ್ನು ಉಗುರಿನಿಂದ ಬಿಡಿಸಿದರು. "ಇದು ಎಲ್ಲಿ ಸಿಕ್ತು?"

"ಎಲ್ಲಿ ಅಂದ್ರೆ? ಒಳ್ಳೆ ಮಳೆ ಬಂದಾಗಲೆಲ್ಲ ನನ್ನ ಲಾಂಡ್ರಿ ಹಿಂದೆ ಇದೇ ಗೋಳು. ನಮ್ಮಪ್ಪನ ಕಾಲದಿಂದ ಇದಕ್ಕೆ ಕಲೆಹೂ ಅಂತೀವಿ. ಅದಕ್ಕೇ ಹಿಂದುಗಡೆ ಬಟ್ಟೆ ಕಟ್ಟಲ್ಲ."

"ಇದೇ ಹೂವಾ ಇಲ್ಲಿದ್ದದ್ದು?" ಎಂದು ಮೇಡಂ ಟೊಮೆಟೊ ಸಸಿಯ ಕಡೆ ತೋರಿಸಿದರು.

"ನಂಗೇನು ಗೊತ್ತು? ನಾನು ಆಣೆ ಮಾಡಿ ಈ ಕಡೆ ನೋಡೇ ಇಲ್ಲ," ಎಂದ ಲಾಂಡ್ರಿಯಣ್ಣ, ಈಗಲೂ ಬಲಕ್ಕೇ ನೋಡುತ್ತ.

ಇಡೀ ಬೀದಿಯಲ್ಲಿ ಆ ಹೂವನ್ನು ಗುರುತಿಸಬಲ್ಲವನು ಅವನೊಬ್ಬ. ಇಪ್ಪತ್ತೆರಡು ದಿನ ನೋಡದೆ ಉಳಿದವನೂ ಅವನೊಬ್ಬನೇ.

ಎಲ್ಲರೂ ಲಾಂಡ್ರಿಯ ಹಿಂದಕ್ಕೆ ನಡೆದರು. ಶೀಟುಗಳ ಗೋಡೆ ಗಾಳಿಗೆ ಅರ್ಧ ಕಳಚಿ ಬಿದ್ದಿತ್ತು. ಉಳಿದ ಅರ್ಧವನ್ನು ಮೇಡಂ ಪರದೆಯಂತೆ ಸರಿಸಿದರು. ಹನ್ನೊಂದೂವರೆಯ ಬಿಸಿಲು. ಹೂಗಳೆಲ್ಲ ಪೂರ್ತಿ ತೆರೆದುಕೊಂಡಿದ್ದವು.

ಮುಂದಿದ್ದವರು ಬಗ್ಗಿದರು, ಹಿಂದಿದ್ದವರು ಅವರ ಭುಜ ಹಿಡಿದು ಇಣುಕಿದರು.

ಮೇಡಂ ಮರಳಿನ ಮೇಲೆ ಕೂತು ಅದರ ಶಾಸ್ತ್ರೀಯ ಹೆಸರು ಹೇಳಿದರು. ಮೀಟರಯ್ಯ ಅದನ್ನು ಮೆಲ್ಲಗೆ ತಾನೂ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡ. ಅಪರೂಪವೇನಲ್ಲ ಎಂದರು ಮೇಡಂ. ಈ ಮರಳುಗಾಡಿನ ಉದ್ದಕ್ಕೂ ಉಂಟು. ಬೀಜ ವರ್ಷಗಟ್ಟಲೆ ಮರಳಿನಲ್ಲಿ ಮಲಗಿರುತ್ತದೆ, ಒಳ್ಳೆಯ ಮಳೆಯಾದರೆ ಎದ್ದು, ಐದಾರು ವಾರ ಇದ್ದು, ಬೀಜ ಚೆಲ್ಲಿ ಹೋಗುತ್ತದೆ. "ಇದಕ್ಕೆ ನಾವು ಮಾಡಬಹುದಾದ ದೊಡ್ಡ ಉಪಕಾರ ಅಂದ್ರೆ ನೀರು ಹಾಕದೇ ಇರೋದು."

ಟೀಚರಮ್ಮ ಎಲ್ಲರಿಗಿಂತ ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ಹೂ ತುಳಿಯದಂತೆ ಜಾಗ ನೋಡಿಕೊಂಡು ನಿಂತಿದ್ದರು. "ಮೇಡಂ, ಇದು ನಮ್ಮದೇನಾ? ಯಾರೋ ಎಲ್ಲಿಂದಲೋ ತಂದು ಹಾಕಿದ್ದಲ್ಲ ತಾನೆ?"

"ಇಲ್ಲಿಯದೇ. ನಿಮ್ಮ ಊರು ಹುಟ್ಟೋಕೆ ಮುಂಚಿನಿಂದ ಇದೆ."

"ಹಾಗಾದ್ರೆ ಅಪರೂಪ ಅಲ್ಲದಿದ್ರೂ ಪರವಾಗಿಲ್ಲ," ಎಂದರು ಟೀಚರಮ್ಮ. ಮೂಗು ಒರೆಸಿಕೊಂಡರು. "ಮೂವತ್ತನಾಲ್ಕು ವರ್ಷ ಏನೂ ಇಲ್ಲ ಅಂತ ಹೇಳ್ಕೊಟ್ಟೆ."

ಎಂಜಿನಿಯರ್ ಸಾಹೇಬರಿಗೆ ಹೂ ಮುಖ್ಯವಾಗಿರಲಿಲ್ಲ, ಫೈಲು ಮುಖ್ಯ. "ಅದೆಲ್ಲ ಸರಿ. ಆದ್ರೆ ನಮ್ಮ ದಾಖಲೆಯಲ್ಲಿ ವಾಲ್ವಿಕಾ ಅಂತೇನೋ ಇದೆಯಲ್ಲ. ಆ ಹೆಸರು ಎಲ್ಲಿಂದ ಬಂತು?"

ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಮೀಟರಯ್ಯ ಷಡ್ಡಕನ ಕಡೆ ನೋಡಿದ. ಷಡ್ಡಕ ದುರ್ಬೀನು ಕಣ್ಣಿಗೆ ಹಿಡಿದು ಖಾಲಿ ಆಕಾಶ ನೋಡುತ್ತಿದ್ದ. ಇನ್ನು ತಡೆಯುವುದರಲ್ಲಿ ಅರ್ಥವಿರಲಿಲ್ಲ. ಮೀಟರಯ್ಯ ಎಲ್ಲರನ್ನೂ ಗೇಟಿಗೆ ವಾಪಸು ಕರೆದುಕೊಂಡು ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಮುಚ್ಚಳದ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದ.

"ಇಲ್ಲಿಂದ ಸಾರ್."

ಮೇಡಂ ಬಗ್ಗಿ ಓದಿದರು. "ವಾಲ್ವ್. ಬ್ರಾಸ್. ಮಿನಿಮಮ್." ಎರಡನೆಯ ಸಲ ಓದುವಾಗ ಅವರ ಭುಜ ಕುಲುಕತೊಡಗಿತು.

"ಅಂದ್ರೆ," ಎಂದ ಲಾಂಡ್ರಿಯಣ್ಣ ನಿಧಾನವಾಗಿ, "ನಾವು ಇಪ್ಪತ್ತೆರಡು ದಿನ ನೀರಿಲ್ಲದೆ ಸತ್ತದ್ದು ಒಂದು ಮುಚ್ಚಳಕ್ಕೋಸ್ಕರ?"

ಆಮೇಲೆ ಆ ಬೀದಿಯಲ್ಲಿ ಕೇಳಿಬಂದ ಮಾತುಗಳನ್ನು ಬರೆಯುವುದು ಕಷ್ಟ. ಕೊಡಗಳು ಖಾಲಿಯಿದ್ದದ್ದು ಒಂದು ಪುಣ್ಯ. ಸಾಹೇಬರು "ಸಸ್ಪೆಂಡ್ ಮಾಡ್ತೀನ್ರೀ!" ಎಂದು ಗುಡುಗಿದರು. ಅಷ್ಟರಲ್ಲಿ ಮೇಡಂ ಮೀಟರಯ್ಯನ ಕಂಕುಳಿನ ರಿಜಿಸ್ಟರನ್ನು ತೆಗೆದುಕೊಂಡು ಹಿಂದಿನ ಹಾಳೆಗಳನ್ನು ತಿರುವುತ್ತಿದ್ದರು. ಅವರ ನಗು ನಿಂತಿತು.

"ಮೋಡ ಇದ್ದ ದಿನ ಅರಳಲ್ಲ ಅನ್ನೋದನ್ನ ಯಾರು ನೋಡಿದ್ದು?"

"ನಾನೇ ಮೇಡಂ. ಅಲ್ಲಿ ಬರೆದಿರೋದು ಮಾತ್ರ ಸುಳ್ಳಲ್ಲ."

"ನಮ್ಮ ಹತ್ರ ಈ ಗಿಡದ ಹೆಸರಿದೆ, ಒಣಗಿಸಿದ ಗಿಡ ಇದೆ. ಎಷ್ಟು ಗಂಟೆಗೆ ಕಣ್ಣು ಬಿಡುತ್ತೆ ಅಂತ ಪಕ್ಕದಲ್ಲಿ ಕೂತು ನೋಡಿದವರನ್ನ ನಾನು ಕಂಡಿಲ್ಲ." ವ್ಯಾನಿನ ಮೆಟ್ಟಿಲ ಮೇಲೆ ಕೂತು ಅಷ್ಟೂ ಹಾಳೆಗಳನ್ನು ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಂಡರು. ಆಮೇಲೆ ಲಾಂಡ್ರಿಯಣ್ಣನನ್ನು ಕರೆದು 'ಕಲೆಹೂ' ಎಂಬುದನ್ನು ಎರಡು ಸಲ ಹೇಳಿಸಿ ಬರೆದುಕೊಂಡರು.

ಸಾಹೇಬರ ಸಸ್ಪೆನ್ಶನ್ನಿಗೆ ಒಂದು ತೊಡಕಿತ್ತು. ಮೀಟರಯ್ಯ ಮುಚ್ಚಳ ನೋಡಿ ಹೆಸರಿಟ್ಟನೆಂದು ಬರೆದರೆ, ಆ ಮುಚ್ಚಳವನ್ನು ನಂಬಿ ಕಾಮಗಾರಿ ನಿಲ್ಲಿಸಿದವರು ಯಾರೆಂದೂ ಬರೆಯಬೇಕು. ಆ ಆದೇಶದ ಕೆಳಗಿದ್ದ ಸಹಿ ಬಹಳ ದೊಡ್ಡದಾಗಿತ್ತು. ಸಾಹೇಬರು ಫೈಲನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಂಡು, ನಾಲ್ಕನೆಯ ದಿನ ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದರು. ಯಾರೂ ಚರ್ಚಿಸಲಿಲ್ಲ.

ಮೇಸ್ತ್ರಿ ಮರುದಿನವೇ ಬಂದಿದ್ದ. ಟೊಮೆಟೊ ಸಸಿಯನ್ನು ಟೀಚರಮ್ಮ ಒಂದು ಡಬ್ಬಿಗೆ ವರ್ಗಾಯಿಸಿಕೊಂಡರು. ವಾರದೊಳಗೆ ಪೈಪು ಹೂತು, ಮಣ್ಣು ಮುಚ್ಚಿ, ನೀರು ಬಿಟ್ಟರು. ನೀರು ಬಂದ ಮೇಲೆ ಜನರ ಸಿಟ್ಟು ಉಳಿಯುವುದು ಕಷ್ಟ. ಬೀದಿಯವರು ಮೀಟರಯ್ಯನ ಜೊತೆ ಮಾತು ಬಿಟ್ಟದ್ದು ಹದಿನೈದು ದಿನ ಮಾತ್ರ. ಅಂಗಿಗೆ ಇಸ್ತ್ರಿ ಮಾತ್ರ ಈಗಲೂ ಒಂದೇ ಸಲ, ಅದೂ ಕಾಲರು ಬಿಟ್ಟು.

ಆದರೆ ಗಡಿಬಿಡಿಯಲ್ಲಿ ಎಲ್ಲರೂ ಒಂದು ಸಂಗತಿ ಮರೆತಿದ್ದರು. ಮೀಟರಯ್ಯನನ್ನು ಇಲಾಖಾ ಸಸ್ಯತಜ್ಞನನ್ನಾಗಿ ನೇಮಿಸಿದ ಆದೇಶವನ್ನು ಯಾರೂ ರದ್ದು ಮಾಡಿರಲಿಲ್ಲ. ರದ್ದು ಮಾಡುವುದಕ್ಕೆ ನಮೂನೆಯೇ ಇರಲಿಲ್ಲ.

ಎರಡು ತಿಂಗಳ ನಂತರ ದೂರದ ಯಾವುದೋ ಶಾಖಾ ಕಚೇರಿಯಿಂದ ಅವನ ಹೆಸರಿಗೆ, ಅವನೇ ಒಂದು ಗಳಿಗೆ ಯಾರದೆಂದು ಯೋಚಿಸಿದ ಹೆಸರಿಗೆ, ಅರಗು ಹಾಕಿದ ಲಕೋಟೆಯೊಂದು ಬಂತು. ಒಳಗೆ ಬೆರಳುದ್ದದ ಒಣ ಕಡ್ಡಿ. ಜೊತೆಗೆ ಪತ್ರ: 'ಪೈಪು ಅಗೆಯುವಾಗ ಈ ಸಸ್ಯ ಪತ್ತೆಯಾಗಿದೆ. ಮುಂಜಾಗ್ರತೆಗಾಗಿ ಕಾಮಗಾರಿ ನಿಲ್ಲಿಸಿದೆ. ತಜ್ಞರು ಗುರುತಿಸಿ ವರದಿ ನೀಡುವುದು.'

ಮೀಟರಯ್ಯ ಕಡ್ಡಿಯನ್ನು ಮೇಜಿನ ಮೇಲಿಟ್ಟು ನೋಡಿದ. ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಮೂಸಿ ನೋಡಿದ. ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಹೆಂಡತಿ ಚಹಾ ಲೋಟ ಇಡುವಾಗ ಅದನ್ನು ಕಂಡಳು.

"ಪೊರಕೆ ಕಡ್ಡಿ ಯಾಕ್ರೀ ಮೇಜಿನ ಮೇಲಿಟ್ಕೊಂಡಿದೀರಾ?" ಎಂದಳು.

ಮೀಟರಯ್ಯ ಅವಳನ್ನು ನೋಡಿದ, ಕಡ್ಡಿಯನ್ನು ನೋಡಿದ. ನಮೂನೆ ತೆಗೆದು, 'ಸಸ್ಯದ ಹೆಸರು' ಎಂಬಲ್ಲಿ ಮುತ್ತಿನಂಥ ಅಕ್ಷರದಲ್ಲಿ 'ಪೊರಕೆ' ಎಂದು ಬರೆದ. 'ಗುರುತಿಸಿದವರು' ಎಂಬಲ್ಲಿ ಹೆಂಡತಿಯ ಹೆಸರು ಬರೆದು ಸಹಿ ಹಾಕಿಸಿ ಕಳಿಸಿದ. ಅಂಚೆ ತಲುಪಿದ ಮಧ್ಯಾಹ್ನವೇ ಆ ಊರಿನಲ್ಲಿ ಅಗೆತ ಶುರುವಾಯಿತಂತೆ.